ಮಹಿಳಾ ಭಾನುವಾರ ಪೀಠ ಹತ್ತಿದ ಪಕ್ಕೀರಮ್ಮ

ಹೂವಿನಹಡಗಲಿ ಪೇಟೆಯಲ್ಲಿ ಮಲ್ಲಿಗೆ ಮಾರುವ ಪಕ್ಕೀರಮ್ಮನ ಬಾಯಿಗೆ ಹೆದರದ ಗಂಡಸು ಒಬ್ಬರೇ, ಚರ್ಚಿನ ಹಿರಿಯ ಉಚ್ಚಂಗೆಪ್ಪ. ಅವರು ಅವಳ ಗಂಡನ ಅಣ್ಣ. "ಇದ್ದಿಲಿನಂಗ ಅದಾಳ" ಎಂದು ತಮ್ಮನಿಗೆ ಬೆಳ್ಳಗಿನ ಇನ್ನೊಬ್ಬಳನ್ನು ತಂದು, ಇವಳನ್ನು ಎಂಟು ತಿಂಗಳ ಕೂಸಿನ ಸಮೇತ ತಂಬ್ರಹಳ್ಳಿಯಿಂದ ಹೊರಗೆ ಹಾಕಿದ ಪುಣ್ಯಾತ್ಮ! ಮೂವತ್ತು ವರ್ಷವಾಯಿತು. ಆಮೇಲೆ ಅವರೂ ಹಡಗಲಿಗೇ ಬಂದು ನೆಲೆಸಿದರು. ಚರ್ಚಿನಲ್ಲಿ ಮುಂದಿನ ಬೆಂಚು ಅವರದು, ಹಿಂದಿನದು ಇವಳದು.

ಪಕ್ಕೀರಮ್ಮನ ಆಸೆ ಒಂದೇ. ಸಾಯುವುದರೊಳಗೆ ಒಮ್ಮೆ ಪೀಠ ಹತ್ತಿ ಪ್ರಸಂಗ ಮಾಡಬೇಕು. ವರ್ಷಕ್ಕೊಮ್ಮೆ ಚರ್ಚಿನಲ್ಲಿ ಹೆಂಗಸರಿಗೆಂದೇ ಮಹಿಳಾ ಭಾನುವಾರವೇನೋ ಬರುತ್ತಿತ್ತು. ಆದರೆ ಅದರ ಚೆಂದ ನೋಡಿ: ಉಪ್ಪಿಟ್ಟು ಹೆಂಗಸರದು, ಉಪದೇಶ ಗಂಡಸರದು. ಕೇಳಿದರೆ ಉಚ್ಚಂಗೆಪ್ಪ, "ಅಕ್ಷರ ಬರಂಗಿಲ್ಲ, ಪೀಠ ಹತ್ತತಾಳಂತ!" ಎಂದು ಮೀಸೆ ತಿರುವುತ್ತಿದ್ದರು.

ಈ ವರ್ಷ ಹೊಸ ಪಾಸ್ಟರ್ ಬಂದರು, ಕ್ರಾಂತಿಕುಮಾರ್. ಅಮೆರಿಕದ ಕಪ್ಪು ಹೆಂಗಸರು ಸತ್ಯವೇದವನ್ನು ಹೇಗೆ ಓದುತ್ತಾರೆ ಎಂದು ಕಾಲೇಜಿನಲ್ಲಿ ಪ್ರಬಂಧ ಬರೆದವರು. ಮಹಿಳಾ ಭಾನುವಾರ ಅದನ್ನೇ ಬಿಚ್ಚಿದರು.

"ಅಬ್ರಹಾಮನ ಮನೆಯ ದಾಸಿ ಹಾಗರಳು. ಒಡತಿಯ ಮಾತಿಗೆ ಅಬ್ರಹಾಮ ಅವಳನ್ನು ತನಗೇ ಹುಟ್ಟಿದ ಮಗುವಿನೊಂದಿಗೆ ಹೊರಹಾಕಿದ. ಕೈಗೆ ಕೊಟ್ಟಿದ್ದು ರೊಟ್ಟಿ, ಒಂದು ಚೀಲ ನೀರು. ಗುಲಾಮಗಿರಿ ಕಂಡ ಅಮೆರಿಕದ ಕಪ್ಪು ತಾಯಂದಿರು ಈ ಕಥೆಯನ್ನು ಹಾಗರಳ ಕಣ್ಣಿನಿಂದ ನೋಡಿದರು. ಮರುಭೂಮಿಯಲ್ಲಿ ನೀರು ಮುಗಿದಾಗ ಅವಳನ್ನು ದೇವರು ನೋಡಿದ, ಬಾವಿ ತೋರಿಸಿದ..."

ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಉಚ್ಚಂಗೆಪ್ಪನವರ ಗೊರಕೆ ಶುರುವಾಗಿತ್ತು.

"ಅಯ್ಯನೋರೇ," ಪಕ್ಕೀರಮ್ಮ ಹಿಂದಿನಿಂದ ಎದ್ದಳು. "ಆ ಅಬ್ರಾಮಪ್ಪಗ ಕುರಿ ಎಷ್ಟಿದ್ವು?"

"ಹಿಂಡುಗಟ್ಟಲೆ ಇದ್ದವಮ್ಮ."

"ಅಷ್ಟು ಇಟ್ಕಂಡು, ಕೂಸಿನ ಹಾಲಿಗೆ ಒಂದು ಕುರಿ ಹೊಡ್ಕಂಡು ಹೋಗು ಅನ್ನಾಕ ಬಾಯಿ ಬರಲಿಲ್ಲೇನ್ರಿ? ಅವಂದಾ ಕೂಸಲ್ಲೇನು ಅದು?"

ಪಾಸ್ಟರ್ ಹಾಳೆ ತಿರುವಿದರು. ಇಪ್ಪತ್ತೆರಡು ಪುಟದಲ್ಲಿ ಎಲ್ಲೂ ಆ ಕುರಿ ಇರಲಿಲ್ಲ. ಮನುಷ್ಯ ಪ್ರಾಮಾಣಿಕ, ಕೆಳಗಿಳಿದು, "ಬರ್ರಿ ಪಕ್ಕೀರಮ್ಮ, ಮುಂದಿಂದು ನೀವೇ ಹೇಳ್ರಿ" ಅಂದುಬಿಟ್ಟರು.

ಹತ್ತಿಯೇ ಬಿಟ್ಟಳು! ಸೆರಗಿನಿಂದ ಮುಖ ಒರೆಸಿ ಶುರು ಮಾಡಿದಳು.

"ಅಬ್ರಾಮಪ್ಪನ್ನ ನಾನು ಬೈಯಂಗಿಲ್ರಿ. ಅವ ನೀರಾದ್ರೂ ಕೊಟ್ಟ. ನನಗ ತಂಬ್ರಹಳ್ಳಿಯಿಂದ ಇಲ್ಲಿತನ ಬಿಸಿಲಾಗ ಒಂದು ಗುಟುಕು ಕೊಟ್ಟೋರಿಲ್ಲ. ಎದಿ ಹಾಲು ಬತ್ತಿತ್ತು. ದೇವರು ನೋಡಿದ ಅಂತೀರಿ. ನೋಡಿದ್ದು ದೇವರೊಬ್ಬನಾ? ಊರೆಲ್ಲಾ ನೋಡ್ತು. ದೇವರು ನೋಡಿ ಬಾವಿ ತೋರ್ಸಿದ. ಊರು ನೋಡಿ ಬಾಗ್ಲಾ ಹಾಕ್ಕಂತು."

ಗೊರಕೆ ನಿಂತಿತ್ತು. ಪಕ್ಕೀರಮ್ಮನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಕುಡಿಯುವ ನೀರಿನ ಕೊಡ ಇದ್ದದ್ದು ಉಚ್ಚಂಗೆಪ್ಪನವರ ಪಕ್ಕದಲ್ಲೇ. ಸಭೆಯ ಕಣ್ಣೆಲ್ಲ ಅವರ ಮೇಲೆ. ಕೂರಲಾರದೆ ಎದ್ದರು, ಲೋಟ ತುಂಬಿಸಿದರು, ಅರ್ಧ ಚೆಲ್ಲುತ್ತ ಪೀಠದ ಹತ್ತಿರ ಬಂದು ಹಿಡಿದರು.

ಪಕ್ಕೀರಮ್ಮ ಲೋಟ ನೋಡಿದಳು, ಭಾವನ ಮುಖ ನೋಡಿದಳು.

"ನನಗ ಆವತ್ತು ಬೇಕಾಗಿತ್ರಿ ಭಾವಾರ. ಈಗ ನೀವಾ ಕುಡೀರಿ, ಭಾಳ ಬೆವರಾಕ ಹತ್ತೀರಿ."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಉಚ್ಚಂಗೆಪ್ಪ ತಲೆ ಎತ್ತದೆ, ಅಲ್ಲೇ ನಿಂತು, ಆ ನೀರನ್ನು ಪೂರ್ತಿ ಕುಡಿದರು.