ಹಳೇ ಸೀರೆಯ ಮೇಲೆ ಬಂಡಳ್ಳಿಯ ದ್ರೌಪದಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹನೂರು ತಾಲ್ಲೂಕಿನ ಬಂಡಳ್ಳಿಯಲ್ಲಿ ದಪ್ಪ ಮೀಸೆಯ ಚಿಕ್ಕಮಾದಯ್ಯ ಜಗಲಿಯ ಮೇಲೆ ಕಾಲು ಚಾಚಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ತೊಡೆಯ ಮೇಲೆ ಹೆಂಡತಿ ಪುಟ್ಟತಾಯಮ್ಮನ ಹಳೇ ನೂಲಿನ ಸೀರೆ. ಅದರ ಮೇಲಿನ ಕಸೂತಿಯಲ್ಲಿ ದ್ರೌಪದಿ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು, ಎದುರು ತಟ್ಟೆ ಹಿಡಿದು ಕೂತ ಮುದುಕನೊಬ್ಬನಿಗೆ ರಾಗಿಮುದ್ದೆ ತೊಳಸುತ್ತಿದ್ದಾಳೆ. ತಲೆಯ ಮೇಲೆ ಕಿರೀಟ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಅಗಲವಾದ ಭುಜ ಮಾತ್ರ ಥೇಟ್ ಚಿಕ್ಕಮಾದಯ್ಯನವರದೇ.

"ಇವು ಎಣ್ಮಕ್ಳಲ್ಲ ಸಾ, ಎಣ್ ವೇಸ ಕಟ್ದ ಗಂಡುಸ್ರು," ಎಂದು ಅವರೇ ನಗುತ್ತಾರೆ.

ಹೊಟ್ಟೆಪಾಡಿಗೆ ಅವರು ಕೊಳ್ಳೇಗಾಲದ ರೇಷ್ಮೆ ಅಂಗಡಿಗಳ ಸೀರೆಗಳಿಗೆ ಕುಚ್ಚು ಕಟ್ಟುತ್ತಾರೆ, ಫಾಲ್ ಹೊಲಿಯುತ್ತಾರೆ. ಬೆಳಗಿನಿಂದ ಬಗ್ಗಿ ಕೂತರೆ ಸಂಜೆ ಹೊತ್ತಿಗೆ ಎರಡೋ ಮೂರೋ ಸೀರೆ. ಉಳಿದ ರೇಷ್ಮೆ ಎಳೆಗಳೆಲ್ಲ ಒಂದು ಬಿಸ್ಕತ್ ಡಬ್ಬ ಸೇರುತ್ತವೆ. ಕಸೂತಿಗೆ ಅದೇ ಬಂಡವಾಳ.

ಪ್ರಾಯದಲ್ಲಿ ಅವರು ಈ ಸೀಮೆಯ ಹೆಸರುವಾಸಿ ಸ್ತ್ರೀವೇಷಧಾರಿ. ಶಾಗ್ಯ, ಮಧುವನಹಳ್ಳಿ, ಯಳಂದೂರಿನ ಕಡೆಯ ಹಳ್ಳಿಗಳಲ್ಲಿ ನಾಟಕವೆಂದರೆ ದ್ರೌಪದಿಗೆ ಇವರೇ ಆಗಬೇಕು. ಆ ನಡಿಗೆ ಕಲಿಸಿದವರು ಯಾರು ಎಂದರೆ ಅಡುಗೆಮನೆಯ ಕಡೆ ಕೈ ತೋರಿಸುತ್ತಾರೆ. "ಅವ್ಳು ಕೊಡ ಎತ್ಕಳದು, ಸೆರಗ್ ಸಿಗ್ಸದು ನೋಡ್ಕಂಡೇ ಕಲ್ತೆ. ಸ್ಟೇಜ್ ಮ್ಯಾಲೆ ದ್ರೌಪ್ತಿ ಬರೀ ಅಳದು, ಸಪಥ ಮಾಡದು. ಮನೆ ಕೆಲ್ಸ ಯಾರ್ ಮಾಡೋರು ಸಾ? ಅದ್ಕೇ ಬಟ್ಟೆ ಮ್ಯಾಲೆ ಮಾಡುಸ್ತೀನಿ." ಅವರ ಕಸೂತಿಯಲ್ಲಿ ಕುಂತಿ ಅಕ್ಕಿ ಕೇರುತ್ತಾಳೆ. ಗಾಂಧಾರಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಸೊಪ್ಪು ಬಿಡಿಸುತ್ತಾಳೆ.

ಒಳಗಿನಿಂದ ಪುಟ್ಟತಾಯಮ್ಮ ಸುಮ್ಮನಿರುವುದಿಲ್ಲ: "ಬಟ್ಟೆ ಮ್ಯಾಲ್ ಮಾಡ್ಸದಿರ್ಲಿ, ಆ ಬಿಂದ್ಗೆ ಒಸಿ ಒಳಿಕ್ ತಂದ್ ಮಡುಗಿ!"

ಇಷ್ಟೆಲ್ಲ ಊರು ಮೆಚ್ಚಿದ ದ್ರೌಪದಿಯನ್ನು ಒಮ್ಮೆಯೂ ನೋಡದವರೊಬ್ಬರು ಈ ಮನೆಯಲ್ಲೇ ಇದ್ದಾರೆ, ಅಪ್ಪ ಕೆಂಪಯ್ಯ. ತಂದೆ ಬದುಕಿರುವಾಗ ಮಗ ಮೀಸೆ ಬೋಳಿಸಬಾರದು ಎಂಬುದು ಇಲ್ಲಿನ ನಂಬಿಕೆ. ಮೊದಲ ನಾಟಕಕ್ಕೆ ಮೀಸೆ ತೆಗೆಸಿದ ಚಿಕ್ಕಮಾದಯ್ಯ ಮರುದಿನ ಯಳಂದೂರಿನಿಂದ ಬಸ್ಸಿನಲ್ಲಿ ಬರುವಾಗ ದೂರದ ನಂಟರೊಬ್ಬರು ಆ ಬೋಳು ಮುಖ ಕಂಡರು. ಒಂದು ಮಾತು ಕೇಳದೆ ಬಳಗಕ್ಕೆಲ್ಲ ಸಾವಿನ ಸುದ್ದಿ ಮುಟ್ಟಿಸಿದರು. ಮಧ್ಯಾಹ್ನಕ್ಕೆ ಹಾರ ಹಿಡಿದು ಅಳುತ್ತಾ ಬಂದವರಿಗೆ, ಇದೇ ಜಗಲಿಯಲ್ಲಿ ಉಣ್ಣುತ್ತಾ ಕೂತಿದ್ದ ಕೆಂಪಯ್ಯ ಎದುರಾದರು.

ಊರು ಇವತ್ತಿಗೂ ನಗುತ್ತದೆ. ಅಪ್ಪ ನಗಲಿಲ್ಲ. "ಬದ್ಕಿರೋನ್ನೇ ಸಾಯ್ಸ್ಬುಟ್ಟ ಅಂದ್ರು. ಅವತ್ತಿಂದ ನನ್ ನಾಟ್ಕುದ್ ಮಾತೇ ಎತ್ನಿಲ್ಲ," ಎನ್ನುವಾಗ ಚಿಕ್ಕಮಾದಯ್ಯನವರ ಸೂಜಿ ನಿಲ್ಲುತ್ತದೆ.  ಮುಂದೆ ನಾಟಕಗಳಿಗೆ ಹೊರಗಿನಿಂದ ನಟಿಯರನ್ನು ಕರೆಸತೊಡಗಿದರು. ಮೈಮೇಲಿನ ವೇಷ ಇಳಿದ ಮೇಲೆ ಚಿಕ್ಕಮಾದಯ್ಯ ಸೂಜಿ ಹಿಡಿದರು.

ಈಗ ಕೊಳ್ಳೇಗಾಲದ ಡ್ರಾಯಿಂಗ್ ಟೀಚರ್ ಶ್ರುತಿ ಈ ಬಟ್ಟೆಗಳ ಪ್ರದರ್ಶನ ಇಡುತ್ತಿದ್ದಾರೆ, ಇವತ್ತೇ ಒಯ್ದು ಕೊಡಬೇಕು. ಆದರೆ ಒಲೆ ಮುಂದಿನ ದ್ರೌಪದಿಯ ಎದುರು ತಟ್ಟೆ ಹಿಡಿದು ಕೂತಿರುವ ಮುದುಕ ಸ್ವತಃ ಕೆಂಪಯ್ಯ. "ಅಪ್ಪ ಬ್ಯಾಡ ಅಂದ್ರೆ ಇದ್ನ ಕಳ್ಸಕಿಲ್ಲ. ಇನ್ನೊಂದ್ ಸತಿ ಅವ್ರ್ ಮನ್ಸ್ ನೋಯ್ಸ್ನಾರೆ ಸಾ."

ಕಣ್ಣಿನ ಆಪರೇಶನ್ ಆದ ಮೇಲೆ ಕೆಂಪಯ್ಯನವರಿಗೆ ನೋಟ ಚೆನ್ನಾಗಿದೆ. ಮಗ ಸೀರೆಯನ್ನು ಅವರ ಮಂಚದ ಮೇಲೆ ಹರಡಿ ದೂರ ನಿಲ್ಲುತ್ತಾರೆ. ಮುದುಕರು ತಟ್ಟೆ ನೋಡುತ್ತಾರೆ, ಮುದ್ದೆ ನೋಡುತ್ತಾರೆ, ದ್ರೌಪದಿಯ ಮುಖದ ಮೇಲೆ ಬೆರಳಾಡಿಸುತ್ತಾರೆ. ಬೆರಳು ಮೂಗಿನ ಕೆಳಗೆ ನಿಲ್ಲುತ್ತದೆ.

"ನೀನೇ ಅಲ್ವೇನ್ಲಾ ಇದು? ಮೀಸೆ ಎಲ್ಲಿ? ನಾನಿನ್ನೂ ಉಣ್ತಾ ಕುಂತಿವ್ನಿ ಕಣ್ಲಾ!"

ಚಿಕ್ಕಮಾದಯ್ಯ ಬಿಸ್ಕತ್ ಡಬ್ಬ ತಡಕಾಡಿ ಕರಿ ಎಳೆ ತೆಗೆಯುತ್ತಾರೆ. ಕಣ್ಣು ಮಂಜಾಗಿ, ದಾರವನ್ನು ಪುಟ್ಟತಾಯಮ್ಮನೇ ಪೋಣಿಸಿಕೊಡಬೇಕಾಗುತ್ತದೆ. ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಕಿರೀಟ ತೊಟ್ಟು ಮುದ್ದೆ ತೊಳಸುವ ದ್ರೌಪದಿಗೆ ಹುರಿಮೀಸೆ ಬಂದಿದೆ.

ಬಟ್ಟೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಕೊಳ್ಳೇಗಾಲದ ಬಸ್ಸಿಗೆ ಹೊರಟವರು, ಮೆಟ್ಟಿಲ ಮೇಲೆ ನಿಂತು ನನಗಷ್ಟೇ ಕೇಳುವಂತೆ ಹೇಳುತ್ತಾರೆ:

"ಅಪ್ಪ ನನ್ ವೇಸ ನೋಡ್ಬುಟ್ರು ಸಾ."