ಎರಡು ನೀರು ಸೇರುವ ಗೆರೆ

ಹೆಬ್ಬಾಳದ ಕಚೇರಿಯೊಂದರಲ್ಲಿ ಕೂತು ಉಪಗ್ರಹದ ಚಿತ್ರಗಳಲ್ಲಿ ಸಮುದ್ರ ನೋಡುವುದು ಅಟ್ಟೂರಿನ ಮಧುಶ್ರೀಯ ಕೆಲಸ. ತಣ್ಣನೆಯ ನೀರೂ ಬೆಚ್ಚನೆಯ ನೀರೂ ಎದುರಾಗುವ ಕಡೆ ಕಡಲಿನ ಮೇಲೆ ಉದ್ದನೆಯ ಗೆರೆ ಮೂಡುತ್ತದೆ. ತೇಲಾಡುವ ಚಿಪ್ಪುಮೀನಿನ ಮರಿಗಳು ಆ ಗೆರೆಗೆ ಸಿಕ್ಕಿ ಒಟ್ಟಾಗುತ್ತವೆ. ಚಿಪ್ಪು ಬಲಿತು ಭಾರವಾದಾಗ ಅಲ್ಲೇ ತಳಕ್ಕಿಳಿದು, ಸಿಕ್ಕ ಗಟ್ಟಿ ವಸ್ತುವಿಗೆ ಅಂಟಿಕೊಂಡು ಬೀಡುಬಿಡುತ್ತವೆ.

ಅಂಥ ಕಡೆ ಮುಳುಗಿ ನೋಡಿ ಬರುತ್ತಿದ್ದವನು ಅವಳ ಗಂಡ ಸಿದ್ದು. ಕಾರವಾರದ ಆಚೆ ಒಮ್ಮೆ ಮುಳುಗಿದವನು ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಆ ಭಾಗದ ಕಡಲನ್ನು ಬೇರೆಯವರಿಗೆ ಒಪ್ಪಿಸುತ್ತೇವೆ ಎಂದು ಕಚೇರಿಯವರು ಹೇಳಿದರೂ ಮಧುಶ್ರೀ ಬಿಟ್ಟುಕೊಡಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಅದೇ ಜಾಗದ ತಳದಲ್ಲಿ ಬೇರೆ ಮುಳುಗುಗಾರರು ತೆಗೆದ ಚಿತ್ರಗಳು ಬಂದವು. ಎಲ್ಲಿ ನೋಡಿದರೂ ಕಪ್ಪು ಚಿಪ್ಪುಗಳು. ನಡುವೆ, ಮೈತುಂಬ ಚಿಪ್ಪು ಹೊತ್ತ ಗಾಳಿಯ ಸಿಲಿಂಡರು. ಸಂದಿಯಲ್ಲಿ ಹಳದಿ ಬಣ್ಣದ ‘ಸಿ’ ಕಾಣುತ್ತಿತ್ತು. ಸಿದ್ದುವಿನ ಸಿಲಿಂಡರಿನ ಮೇಲೆ ಅದನ್ನು ಬರೆದುಕೊಟ್ಟವಳು ಮಧುಶ್ರೀಯೇ.

“ಮೇಲಕ್ಕೆ ಎತ್ತಿಸ್ಲಾ ಮೇಡಂ?” ಜೊತೆಗಾರ ಭೀಮರಾಜ್ ಮೆಲ್ಲಗೆ ಕೇಳಿದ.

“ಬೇಡ ಕಣ್ರೀ. ಎತ್ತಿದ್ರೆ ಅವೆಲ್ಲ ಸತ್ತೋಗ್ತವೆ.”

ಸಂಜೆ ಮನೆಗೆ ಬಂದು ಅತ್ತೆ ಮುನಿಕೃಷ್ಣಮ್ಮನಿಗೆ ಎಲ್ಲವನ್ನೂ ಹೇಳಿದಳು. ಮುದುಕಿ, “ಅಂಗಾದ್ರೆ ನನ್ ಮಗ ಅಲ್ಲಿ ಒಬ್ನೇ ಇಲ್ಲ, ಅಲ್ವೇನವ್ವಾ?” ಎಂದಳು.

“ಒಬ್ರೇ ಇಲ್ಲ ಅತ್ತೆ.”

ಮಧುಶ್ರೀ ಕೆಲಸ ಬಿಟ್ಟಿಲ್ಲ. ಆದರೆ ಚಿತ್ರದಲ್ಲಿ ಆ ಗೆರೆ ಮೂಡಿದ ದಿನ, ಯಾರೋ ನೀರೊಳಗೆ ಉಸಿರು ಬಿಟ್ಟಂತೆ ಬೆನ್ನ ಹಿಂದೆ ಗುಳುಗುಳು ಸದ್ದು ಕೇಳಿಸುತ್ತದೆ. ಅವಳು ತಿರುಗಿ ನೋಡುವುದಿಲ್ಲ.