ಅಳಿಸದೆ ಉಳಿಸಿದ ಮಾತು

ಸ್ಟುಡಿಯೋಗಳ ಹಂಗಿಲ್ಲದೆ, ನಿರ್ಮಾಪಕರ ಮರ್ಜಿಗೆ ಕಾಯದೆ, ದುಡಿಯುವ ಹೆಂಗಸರ ಬದುಕನ್ನೇ ನಂಬಿ ಚಿತ್ರ ಕಟ್ಟಿದವರು ನಮ್ಮ ಸಾಕ್ಷ್ಯಚಿತ್ರ ರಂಗದಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ಮೊದಲ ಸಾಲಿನವರು, ನಾವೆಲ್ಲ ‘ಅಕ್ಕ’ ಎಂದೇ ಕರೆಯುವ ನಮ್ಮ ನಿರ್ದೇಶಕಿ. ಅವರಿಗೆ ಎಪ್ಪತ್ತು ತುಂಬಿದ ಈ ಹೊತ್ತಿನಲ್ಲಿ, ಮೂವತ್ತು ವರ್ಷ ಅವರ ಚಿತ್ರಗಳಿಗೆ ಧ್ವನಿ ಮುದ್ರಿಸಿದ ನನಗೆ, ಹೊಗಳುವುದಕ್ಕಿಂತ ನಡೆದದ್ದನ್ನು ನಡೆದಂತೆ ಹೇಳುವುದೇ ಅವರಿಗೆ ಸಲ್ಲಬೇಕಾದ ಗೌರವವೆನಿಸುತ್ತದೆ.

ಅಕ್ಕನವರ ವೃತ್ತಿ ಆರಂಭವಾದದ್ದು ಕಿಟಕಿಯಿಲ್ಲದ ಒಂದು ಸಂಕಲನ ಕೊಠಡಿಯಲ್ಲಿ, ಫಿಲ್ಮ್ ತುಂಡುಗಳನ್ನು ಅಂಟಿಸುವ ಸಹಾಯಕಿಯಾಗಿ. ಒಂಬತ್ತು ವರ್ಷ ದುಡಿದರೂ ತೆರೆಯ ಮೇಲೆ ಅವರ ಹೆಸರು ಒಮ್ಮೆಯೂ ಬರಲಿಲ್ಲ. ಬೇಸತ್ತು ಹೊರಬಂದು, ಹಳೆಯ ಕ್ಯಾಮೆರಾವೊಂದನ್ನು ಕೊಂಡು, ಹೊಟ್ಟೆಪಾಡಿಗೆ ಮದುವೆಮನೆಗಳ ವಿಡಿಯೊ ತೆಗೆಯತೊಡಗಿದರು. “ಇದನ್ನೇ ಮಾಡ್ಕೊಂಡಿರಬಾರ್ದಾ? ನಿಂಗ್ಯಾಕೆ ಇಲ್ಲದ ಉಸಾಬರಿ?” ಎಂದು, ಮೊದಲ ಸಾಕ್ಷ್ಯಚಿತ್ರಕ್ಕೆ ಹೊರಟಾಗ ಅವರ ಅಣ್ಣ ಕೇಳಿದ್ದಕ್ಕೆ, “ಮದುವೆಮನೇಲಿ ಎಲ್ರೂ ಕ್ಯಾಮೆರಾ ನೋಡ್ಕೊಂಡೇ ನಗ್ತಾರಣ್ಣ. ನಂಗೆ ಕ್ಯಾಮೆರಾ ಮರೆತೋರ ಮುಖ ಬೇಕು” ಎಂದಿದ್ದರಂತೆ.

ನಾನು ಸೇರಿದ್ದು ಅವರ ಎರಡನೆಯ ಚಿತ್ರಕ್ಕೆ. ಮುಂದಿನ ವರ್ಷವೇ ನನ್ನ ಬಲಗಿವಿ ಕೇಳದಾಯಿತು. ಧ್ವನಿ ಮುದ್ರಿಸುವವನಿಗೆ ಇದು ಅನ್ನಕ್ಕೇ ಕಲ್ಲು ಬಿದ್ದ ಹಾಗೆ. ಯಾರಿಗೂ ಹೇಳದೆ ಮುಚ್ಚಿಟ್ಟೆ. ಅಕ್ಕನವರೂ ಕೇಳಲಿಲ್ಲ. ಅಂದಿನಿಂದ ನಡೆಯುವಾಗ, ಕೂರುವಾಗ ನನ್ನ ಎಡಗಡೆಗೇ ಬರತೊಡಗಿದರು, ಅಷ್ಟೆ.

ನಾಲ್ಕನೆಯ ಚಿತ್ರ ಒಂದು ಸಿದ್ಧ ಉಡುಪಿನ ಕಾರ್ಖಾನೆಯ ಕುರಿತಾದದ್ದು. ಮೂರನೆಯ ಮಹಡಿಯಲ್ಲಿ ಸಾಲುಸಾಲು ಹೊಲಿಗೆ ಯಂತ್ರ, ನೂಲಿನ ಧೂಳು, ಮೂಲೆಯಲ್ಲಿ ಹಿಂದಿನ ಮೆಟ್ಟಿಲಿಗೆ ಹೋಗುವ ಕಬ್ಬಿಣದ ಬಾಗಿಲು, ಅದಕ್ಕೆ ಬೀಗ. ಚಿತ್ರೀಕರಣದ ಕೊನೆಯ ಸಂಜೆ ಕ್ಯಾಮೆರಾ ಆ ಬಾಗಿಲನ್ನು ಹಾದಾಗ, ಎಲ್ಲರೂ ‘ಗುಬ್ಬಿ’ ಎನ್ನುತ್ತಿದ್ದ ಕಾಲರ್ ಹೊಲಿಯುವ ಹುಡುಗಿ ಹೇಳಿದಳು: “ಅಕ್ಕಾ, ಇದಕ್ಕೆ ಯಾವಾಗ್ಲೂ ಬೀಗಾನೇ. ನಾವು ಬಟ್ಟೆ ಕದೀತೀವಿ ಅಂತ ಅನುಮಾನ ಅವ್ರಿಗೆ.”

“ಆಮೇಲೆ ಮಾತಾಡೋಣ ಬಿಡಮ್ಮ, ಬೆಳಕು ಹೋಗ್ತಿದೆ. ನೀನು ಹೋಗಿ ಮಷಿನ್ ಹತ್ರ ಕೂತ್ಕೊ,” ಎಂದರು ಅಕ್ಕ.

ಆಮೇಲೆ ಮಾತಾಡಲಿಲ್ಲ. ಇಪ್ಪತ್ತು ದಿನಗಳ ನಂತರ ಆ ಮಹಡಿಗೆ ಬೆಂಕಿ ಬಿತ್ತು. ಹದಿನೇಳು ಹೆಂಗಸರ ಶವಗಳು ಆ ಬಾಗಿಲ ಬಳಿಯೇ ಸಿಕ್ಕವು. ಗುಬ್ಬಿಯೂ ಅವರಲ್ಲೊಬ್ಬಳು.

ಬಾಗಿಲು ತೆರೆದೇ ಇತ್ತು, ಗಾಬರಿಯಲ್ಲಿ ಹೆಂಗಸರಿಗೆ ಕಾಣಲಿಲ್ಲ ಎಂದು ಮಾಲೀಕ ಹೇಳಿಕೆ ಕೊಟ್ಟ. ಅದು ಸುಳ್ಳೆನ್ನಲು ಉಳಿದಿದ್ದದ್ದು ನಮ್ಮ ಟೇಪು ಮಾತ್ರ. ಅದನ್ನು ನ್ಯಾಯಾಲಯಕ್ಕೆ ಒಪ್ಪಿಸುವ ಮುನ್ನ ನಾನೇ ಬಾಯಿಬಿಟ್ಟೆ: “ಅಕ್ಕ, ಆ ಹುಡುಗಿ ಮಾತು ಇರ್ಲಿ. ನಿಮ್ಮದೊಂದು ಮಾತು ಅಳಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ನನ್ನ ಮಾತು ತೆಗೆದ್ರೆ ಅವಳು ಗೋಡೆಗೆ ಹೇಳಿದ ಹಾಗಾಗುತ್ತೆ ಕಣಪ್ಪ. ಅವಳು ಹೇಳಿದ್ದು ನನಗೆ. ಇದ್ದ ಹಾಗೇ ಕೊಡು,” ಎಂದರು ಅಕ್ಕ. ಹೆಡ್‌ಫೋನ್ ಹಾಕಿಕೊಂಡು ಗುಬ್ಬಿಯ ಆ ಮಾತನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕೇಳಿದ್ದವನು ನಾನು. ತಲೆ ತಗ್ಗಿಸಿದೆ.

ಕಟಕಟೆಯಲ್ಲಿ ಮಾಲೀಕನ ವಕೀಲರು ಅಕ್ಕನವರನ್ನು ಬಿಡಲಿಲ್ಲ. “ಬೀಗ ನೋಡಿದ್ರಿ, ಹುಡುಗಿ ಹೇಳಿದ್ದೂ ಕೇಳಿದ್ರಿ. ಏನು ಮಾಡಿದ್ರಿ?”

“ಶೂಟಿಂಗ್ ಮಾಡಿದೆ.”

“ದೂರು ಕೊಟ್ರಾ?”

“ಇಲ್ಲ. ಕೊಡಬೇಕಿತ್ತು.”

ಮಾಲೀಕನಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಎರಡೇ ವರ್ಷಕ್ಕೆ ಹೊರಬಂದು ಬೇರೆ ಹೆಸರಿನಲ್ಲಿ ಕಾರ್ಖಾನೆ ತೆರೆದ. ಪತ್ರಿಕೆಗಳು ಅಕ್ಕನವರನ್ನು ಜಾಲಾಡಿದವು, ಪ್ರದರ್ಶನಗಳು ರದ್ದಾದವು. ಅವರು ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಗುಬ್ಬಿಯ ತಾಯಿಯ ಮನೆಗೆ ಮಾತ್ರ ಹೋದರು, ನಾನೂ ಜೊತೆಗಿದ್ದೆ. ಮೊದಲೆರಡು ಸಲ ಆಕೆ ಒಳಗೆ ಕರೆಯಲಿಲ್ಲ. ಮೂರನೆಯ ಸಲ ಕೂರಿಸಿ ಕೇಳಿದರು: “ನೀವು ಅವತ್ತೇ ಯಾರಿಗಾದ್ರೂ ಹೇಳಿದ್ದಿದ್ರೆ ನನ್ನ ಮಗಳು ಇರ್ತಿದ್ಲಾ?”

“ಇರ್ತಿದ್ಲೇನೋಮ್ಮ.”

“ನಿಮ್ಮನ್ನ ಕ್ಷಮಿಸೋಕೆ ನನ್ನಿಂದಾಗಲ್ಲ,” ಎಂದರು ಆ ತಾಯಿ. “ಆದ್ರೆ ಅವಳ ದನಿ ನಿಮ್ಮ ಹತ್ರ ಇದೆಯಂತಲ್ಲ. ಕೇಳಿಸಿ.” ನಾಲ್ಕು ಸಲ ಕೇಳಿಸಿದೆವು.

ಅಲ್ಲಿಂದಾಚೆಗೆ ಅಕ್ಕನವರ ಕೆಲಸದ ರೀತಿಯೇ ಬದಲಾಯಿತು. ಯಾವ ಜಾಗಕ್ಕೇ ಹೋಗಲಿ, ಕಣ್ಣಿಗೆ ಬಿದ್ದ ಅಪಾಯವನ್ನು ಅಂದೇ ಬರೆದು ಸಂಬಂಧಪಟ್ಟ ಕಚೇರಿಗೆ ಕೊಡುತ್ತಿದ್ದರು. ಮರುದಿನ ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಹೀಗೆ ಮೂರು ಚಿತ್ರಗಳು ಅರ್ಧಕ್ಕೇ ನಿಂತವು. ಅವುಗಳಲ್ಲೊಂದು ಬಣ್ಣದ ಕಾರ್ಖಾನೆಯದು. ಅಲ್ಲಿನ ಸೋರುವ ಅನಿಲದ ಕೊಳವೆಯನ್ನು ದೂರು ಹೋದ ವಾರದಲ್ಲೇ ಬದಲಿಸಿದರು. ಆ ಚಿತ್ರವನ್ನು ಯಾರೂ ನೋಡಿಲ್ಲ. ಅಲ್ಲಿನ ಅರವತ್ತು ಮಂದಿ ಇಂದಿಗೂ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದಾರೆ.

ಈ ಅಭಿನಂದನಾ ಸಂಪುಟಕ್ಕೆ ಅವರ ಚಿತ್ರಗಳ ಪಟ್ಟಿ ಕೇಳಲು ಹೋದಾಗ ಅಕ್ಕ ಹೇಳಿದ್ದು ಇಷ್ಟೇ: “ಮುಗಿಯದೇ ಇದ್ದವನ್ನ ಮೊದಲು ಹಾಕಿ.” ಸಂಪಾದಕರು ಹಾಗೆಯೇ ಹಾಕಿದ್ದಾರೆ. ಆ ಪಟ್ಟಿ ಇನ್ನೂ ಬೆಳೆಯುವಷ್ಟು ಆಯುಸ್ಸು, ಬೆಳೆಸುವಷ್ಟು ಕಾಲಿನ ಕಸುವು ನಮ್ಮ ಅಕ್ಕನವರಿಗೆ ಇರಲಿ.